ಹೊಸದು ಎಂದು ಹೇಳಿ ಗ್ರೈಂಡ್ ಮಾಡಿದ ಹಳೇ ಕ್ಯಾಮ್‌ಶಾಫ್ಟ್ ಕಳಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಅಂಬಾಸಿಡರ್ 1489 ಸಿಸಿ ಪೆಟ್ರೋಲ್ ಎಂಜಿನ್‌ನ ಕ್ಯಾಮ್‌ಶಾಫ್ಟ್ ವಾಪಸ್ ಪಡೆದು ಹಣ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ನಿಮ್ಮಿಂದ ತರಿಸಿದ ಕ್ಯಾಮ್‌ಶಾಫ್ಟ್ (ತನ್ನ ಮೇಲಿನ ಉಬ್ಬುಗಳಿಂದ ಎಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ) ಹೊಸದಲ್ಲ. ಯಾವುದೋ ಗಾಡಿಯಿಂದ ಬಿಚ್ಚಿದ ಶಾಫ್ಟನ್ನು ಗ್ರೈಂಡ್ ಮಾಡಿ ಕಳಿಸಿದ್ದೀರಿ. ಬಿಲ್ಲಿನಲ್ಲಿ ಮಾತ್ರ ‘ಹೊಸದು’ ಎಂದೇ ಇದೆ. ಫೋನ್ ಮಾಡಿದರೆ ನಿಮ್ಮವರು ‘ಸ್ವಲ್ಪ ಫರಕು ಇದ್ರೆ ಏನಾಗಲ್ಲ, ಹಾಕ್ಕೊಳ್ಳಿ’ ಎಂದರು. ಏನಾಗುತ್ತದೆ ಎಂದು ಗೊತ್ತಿರುವುದಕ್ಕೇ ಈ ಪತ್ರ.

ಈ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗಿರುತ್ತದೆ. ರೇಡಿಯೇಟರ್, ಟೈಮಿಂಗ್ ಚೈನ್, ಆ ಉಬ್ಬುಗಳ ಮೇಲೆ ಕೂರುವ ಟ್ಯಾಪೆಟ್, ಕೆಳಗಿನ ಎಣ್ಣೆ ತೊಟ್ಟಿ (ಸಂಪ್) ಎಲ್ಲ ಬಿಚ್ಚಿದರೆ ಮಾತ್ರ ಕೈಗೆ ಸಿಗುವುದು. ಸುಮ್ನೆ ಹಾಕಿ ನೋಡಿ ತೆಗೆಯುವ ವಸ್ತುವಲ್ಲ. ಹಾಗಾಗಿ ಮೊದಲೇ ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಒಯ್ದು, ನನ್ನ ಹಳೇ ಶಾಫ್ಟಿನ ಪಕ್ಕದಲ್ಲಿಟ್ಟು ಮೈಕ್ರೋಮೀಟರ್ ಹಿಡಿಸಿದೆ.

ಲೋಬಿನ, ಅಂದರೆ ಶಾಫ್ಟಿನ ಉಬ್ಬಿನ, ಮೂಗು (ಎತ್ತರದ ತುದಿ) ಸವೆಯುತ್ತದೆ, ಬೆನ್ನು (ಅದರ ಎದುರಿನ ದುಂಡು ಭಾಗ) ಸವೆಯುವುದಿಲ್ಲ. ಬೆನ್ನಿನ ಮೇಲೆ ಟ್ಯಾಪೆಟ್ ಬಂದಾಗ ವಾಲ್ವ್ ಮುಚ್ಚಿರುತ್ತದೆ, ಭಾರವೇ ಬೀಳುವುದಿಲ್ಲ. ಅಂದಮೇಲೆ ಎಷ್ಟೇ ಓಡಿದ ಶಾಫ್ಟ್ ಆದರೂ ಬೇಸ್ ಸರ್ಕಲ್ (ಆ ಬೆನ್ನಿನ ವೃತ್ತ) ಹೆಚ್ಚುಕಮ್ಮಿ ಮೊದಲಿನ ಅಳತೆಯಲ್ಲೇ ಇರಬೇಕು. ನೀವು ಕಳಿಸಿದ್ದರ ಬೇಸ್ ಸರ್ಕಲ್ ನನ್ನ ಹಳೆಯದಕ್ಕಿಂತ 1.2 ಮಿ.ಮೀ. ಕಡಿಮೆ ಇದೆ. ಸವೆದ ಮೂಗನ್ನು ಸರಿಮಾಡಲು ಬೆನ್ನನ್ನೂ ಉಜ್ಜಿ ತೆಗೆದಿದ್ದಾರೆ. ಬರೀ ಓಡಿದ್ದರಿಂದ ಹೀಗಾಗಲು ಸಾಧ್ಯವಿಲ್ಲ. ಅಷ್ಟು ಮಾಡಿಯೂ ಮುಂದಿನಿಂದ ಮೂರನೇ ಲೋಬಿನ ಲಿಫ್ಟ್ (ಟ್ಯಾಪೆಟ್ ಎತ್ತುವ ಎತ್ತರ) ಉಳಿದವಕ್ಕಿಂತ 0.4 ಮಿ.ಮೀ. ಕಡಿಮೆ. ವಾಲ್ವನ್ನು ಒತ್ತುವ ರಾಕರ್ ತೋಳು ಆ ಕೊರತೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಆ ಒಂದು ಸಿಲಿಂಡರ್‌ಗೆ ಉಸಿರು ಸಾಲದು.

ಕಣ್ಣಿಗೇ ಕಾಣುವುದೂ ಇದೆ. ಲೋಬುಗಳು ಫಳಫಳ ಹೊಳೆಯುತ್ತವೆ, ಆದರೆ ಅವುಗಳ ನಡುವಿನ ಒರಟು ಎರಕದಲ್ಲಿ ಸುಟ್ಟ ಎಣ್ಣೆಯ ಕಂದು ಕಲೆ ಹಾಗೇ ಕೂತಿದೆ. ಡಿಸ್ಟ್ರಿಬ್ಯೂಟರ್ ಓಡಿಸುವ ಗೇರಿನ ಹಲ್ಲುಗಳು ಒಂದೇ ಪಕ್ಕಕ್ಕೆ ಸವೆದು ಬ್ಲೇಡಿನಂತಾಗಿವೆ. ಫೋಟೋ ಲಗತ್ತಿಸಿದ್ದೇನೆ.

ಗ್ರೈಂಡ್ ಮಾಡಿದ್ದೇ ತಪ್ಪು ಎನ್ನುತ್ತಿಲ್ಲ. ಚೆನ್ನಾಗಿ ಮಾಡಿ, ಹಾಗೆಂದೇ ಹೇಳಿ ಮಾರಿದರೆ ನಾನೇ ಕೊಳ್ಳುತ್ತಿದ್ದೆ. ಆದರೆ ಮೇಲಿನ ಗಟ್ಟಿ ಪದರ ಹೋಗಿದ್ದರೆ ಹೊಸ ಟ್ಯಾಪೆಟ್‌ಗಳ ಜೊತೆ ಲೋಬೂ ಬೇಗ ತಿಂದುಹೋಗುತ್ತದೆ. ಆ ಕಬ್ಬಿಣದ ಪುಡಿ ಎಣ್ಣೆಯಲ್ಲಿ ಸೇರಿ ಬೇರಿಂಗಿಗೆ ಹೋಗುತ್ತದೆ, ಅಲ್ವಾ?

‘ಬೇರೆ ಪ್ರೊಫೈಲ್ (ಲೋಬಿನ ಆಕಾರ) ಇರಬಹುದು, ಪವರ್ ಜಾಸ್ತಿ ಬರುತ್ತೆ’ ಎಂದೂ ನಿಮ್ಮವರು ಹೇಳಿದರು. ನಾನಿರುವುದು ತೀರ್ಥಹಳ್ಳಿಯಲ್ಲಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಮಳೆಗಾಲದಲ್ಲಿ ಎರಡನೇ ಗೇರಿನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹತ್ತುವ ಗಾಡಿ ಇದು. ನನಗೆ ಬೇಕಾದ್ದು ಕಡಿಮೆ ಆರ್‌ಪಿಎಮ್‌ನಲ್ಲಿ ಎಳೆಯುವ ಕಂಪನಿ ಕ್ಯಾಮ್. ವಾಲ್ವ್ ಜಾಸ್ತಿ ಹೊತ್ತು ತೆರೆದಿಡುವ ಕ್ಯಾಮ್ ಹಾಕಿದರೆ ಆ ಎಳೆತವೇ ಹೋಗುತ್ತದೆ.

ಶಾಫ್ಟನ್ನು ನಿಮ್ಮ ಖರ್ಚಿನಲ್ಲೇ ವಾಪಸ್ ತರಿಸಿಕೊಳ್ಳಿ. ಪೂರ್ತಿ ಹಣ ಮತ್ತು ಲೇತ್ ಅಂಗಡಿಯ ಕೂಲಿ ಕೊಡಿ. ಬದಲಿಗೆ ಇನ್ನೊಂದು ಕಳಿಸುವುದಾದರೆ ಬೇಸ್ ಸರ್ಕಲ್ ಮತ್ತು ಎಂಟೂ ಲೋಬುಗಳ ಅಳತೆಯನ್ನು ಮೊದಲೇ ಬರೆದು ಕಳಿಸಿ. 15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೂ, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ತೀರ್ಥಹಳ್ಳಿ