‘ಪ್ರಲಾಪಗಳು’ ನೊಂದವರ ಬಾಯಿ ಮುಚ್ಚಿಸುವ ಗ್ರಂಥವಲ್ಲ

ಮಾನ್ಯ ಸಂಪಾದಕರೇ,

ಕಾಯಿಲೆಯಿಂದಲೋ ಮನೆಯವರ ಸಾವಿನಿಂದಲೋ ಕಂಗೆಟ್ಟವರಿಗೆ ‘ಇದು ದೇವರ ಶಿಕ್ಷೆ, ಗೊಣಗಬೇಡಿ’ ಎಂದು ಬುದ್ಧಿ ಹೇಳುವಾಗ ಬೈಬಲಿನ ‘ಪ್ರಲಾಪಗಳು’ ಗ್ರಂಥದ 3ನೇ ಅಧ್ಯಾಯದ 39ನೇ ವಚನವನ್ನು ಎತ್ತಿಕೊಳ್ಳುವುದುಂಟು. ತನ್ನ ಪಾಪದ ಫಲ ಉಣ್ಣುವಾಗ ಬದುಕಿರುವ ಮನುಷ್ಯ ಗೊಣಗುವುದೇಕೆ ಎಂಬುದು ಅದರ ತಾತ್ಪರ್ಯ. ಅದನ್ನು ಹೇಳುತ್ತಿರುವವನು ಯಾರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ದೇವರ ಕೋಪದ ಕೋಲಿನಿಂದ ಪೆಟ್ಟು ತಿಂದವನು ನಾನೇ ಎಂದು ಅಧ್ಯಾಯದ ಮೊದಲ ವಚನದಲ್ಲೇ ಹೇಳಿಕೊಂಡವನು ಅವನು. 40ನೇ ವಚನದಲ್ಲೂ ‘ನಮ್ಮ ನಡತೆಯನ್ನು ಪರೀಕ್ಷಿಸಿಕೊಳ್ಳೋಣ’ ಎನ್ನುತ್ತಾನೆಯೇ ಹೊರತು ‘ನಿಮ್ಮ’ ಎನ್ನುವುದಿಲ್ಲ. ಪಾಪನಿವೇದನೆ ನೊಂದವನ ಬಾಯಿಂದಲೇ ಬರಬೇಕು. ಪಕ್ಕದಲ್ಲಿ ನಿಂತವನು ಅದನ್ನು ಹೇಳಿದರೆ ಆಪಾದನೆಯಾಗುತ್ತದೆ.

ಈ ಗ್ರಂಥ ಒಬ್ಬ ವ್ಯಕ್ತಿಯ ರೋಗದ ಬಗ್ಗೆ ಬರೆದದ್ದಲ್ಲ. ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ನಂತರ, ಕ್ರಿ.ಪೂ. 587 ಅಥವಾ 586ರಲ್ಲಿ, ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೇನೆ ಯೆರೂಸಲೇಮನ್ನೂ ಅದರ ದೇವಾಲಯವನ್ನೂ ಸುಟ್ಟಿತು. ಆ ಪಾಳುನಗರದ ಶೋಕ ಇಲ್ಲಿದೆ. ತಪ್ಪು ನಮ್ಮದೆಂದು ಗ್ರಂಥ ಒಪ್ಪುತ್ತದೆ, ಆದರೆ ಗುರಿಯಿಟ್ಟು ಒಪ್ಪುತ್ತದೆ: 2:14 (2ನೇ ಅಧ್ಯಾಯದ 14ನೇ ವಚನ) ಸುಳ್ಳು ದರ್ಶನ ಹೇಳಿದ ಪ್ರವಾದಿಗಳನ್ನೂ 4:13 ನೀತಿವಂತರ ರಕ್ತ ಸುರಿಸಿದ ಯಾಜಕರನ್ನೂ ಹೆಸರಿಸುತ್ತವೆ. ತಾಯಿಯ ಮಡಿಲಲ್ಲಿ ಹಸಿವಿನಿಂದ ಪ್ರಾಣ ಬಿಟ್ಟ ಕೂಸುಗಳ ಮೇಲೆ (2:12) ಎಲ್ಲಿಯೂ ತಪ್ಪು ಹೊರಿಸಿಲ್ಲ. ಬದಲಿಗೆ, ‘ಯಾರಿಗೆ ಹೀಗೆ ಮಾಡಿದ್ದೀ, ನೋಡು’ ಎಂದು ದೇವರನ್ನೇ ತರುಬಿ ಕೇಳುತ್ತದೆ (2:20).

ರಚನೆಯನ್ನು ಗಮನಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಐದು ಕವಿತೆಗಳು. ಮೊದಲ ನಾಲ್ಕರಲ್ಲಿ ವಚನಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಂದ ಸಾಲಾಗಿ ಆರಂಭವಾಗುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನಗಳಿವೆ. ಐದನೆಯದರಲ್ಲಿ 22 ವಚನಗಳಿದ್ದರೂ ಅಕ್ಷರಕ್ರಮವಿಲ್ಲ. ಒಟ್ಟು 154. ಇವುಗಳಲ್ಲಿ 77ನೆಯದು, ಅಂದರೆ ಮೊದಲರ್ಧದ ಕೊನೆಯದು, 3:33: ದೇವರು ಮನಃಪೂರ್ವಕವಾಗಿ ಯಾರನ್ನೂ ನೋಯಿಸುವುದಿಲ್ಲ. ಅದರ ಬೆನ್ನಿಗೇ 34ರಿಂದ 36ರವರೆಗೆ ಸೆರೆಯವರನ್ನು ತುಳಿಯುವುದನ್ನೂ ನ್ಯಾಯ ತಪ್ಪಿಸುವುದನ್ನೂ ಕರ್ತನು ಮೆಚ್ಚುವುದಿಲ್ಲ ಎಂಬ ಮಾತಿದೆ. ಅನ್ಯಾಯಕ್ಕೆ ಸಿಕ್ಕವನಿಗೆ ‘ದೇವರೇ ಕೊಟ್ಟದ್ದು, ಸಹಿಸಿಕೋ’ ಎನ್ನುವವರು ಈ ಮೂರು ವಚನಗಳನ್ನು ದಾಟಿ ಹೋಗುತ್ತಾರೆ.

ದೊಡ್ಡ ಎಡವಟ್ಟು ಆಗುವುದು ಇದೇ 3ನೇ ಅಧ್ಯಾಯದ 41ನೇ ವಚನದಲ್ಲಿ ಓದು ನಿಲ್ಲಿಸುವುದರಿಂದ. 42ರಲ್ಲಿ ‘ನಾವು ದ್ರೋಹ ಮಾಡಿದೆವು’ ಎಂದ ಉಸಿರಿನಲ್ಲೇ ‘ನೀನು ಕ್ಷಮಿಸಲಿಲ್ಲ’ ಎಂಬ ದೂರೂ ಇದೆ. 44ರಲ್ಲಿ ಪ್ರಾರ್ಥನೆ ಮುಟ್ಟದಂತೆ ದೇವರು ಮೋಡ ಕವಿದುಕೊಂಡಿದ್ದಾನೆ. 52ರಲ್ಲಿ, ತಪ್ಪೊಪ್ಪಿಕೊಂಡ ಅದೇ ಮನುಷ್ಯ ‘ಕಾರಣವಿಲ್ಲದೆ ನನ್ನನ್ನು ಬೇಟೆಯಾಡಿದರು’ ಎನ್ನುತ್ತಾನೆ. ಪಶ್ಚಾತ್ತಾಪಪಟ್ಟವನಿಗೂ ಮೊರೆಯಿಡುವ ಹಕ್ಕಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಆಧಾರ ಬೇಕೆ? ಇನ್ನೊಂದು ಸಂಗತಿ: ಇಡೀ ಗ್ರಂಥದಲ್ಲಿ ದೇವರು ನೇರವಾಗಿ ಉತ್ತರಿಸುವುದಿಲ್ಲ. ಅವನದೆಂದು ನೆನಪಿಸಿಕೊಂಡಿರುವ ಒಂದೇ ಮಾತು, ‘ಹೆದರಬೇಡ’ (3:57).

ದೇವರು ಮಕ್ಕಳನ್ನು ತಿದ್ದುತ್ತಾನೆ ಎಂಬ ಬೋಧನೆ ಬೈಬಲಿನಲ್ಲಿ ಇಲ್ಲವೆಂದಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿದೆ. ಆದರೆ ಅದು ನಂಬಿಕೆಯ ಕಾರಣಕ್ಕೆ ವಿರೋಧ ಎದುರಿಸುತ್ತಿದ್ದವರಿಗೆ ಧೈರ್ಯ ತುಂಬಲು ಹೇಳಿದ್ದು. ಶಿಕ್ಷೆ ಆ ಹೊತ್ತಿಗೆ ದುಃಖಕರವೇ ಎಂದು 11ನೇ ವಚನ ಒಪ್ಪುತ್ತದೆ. ಹುಟ್ಟುಕುರುಡನ ವಿಷಯದಲ್ಲಿ (ಯೋಹಾನ 9:3), ಯೆರೂಸಲೇಮಿನ ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿ (ಲೂಕ 13:4) ನೋವಿನಿಂದ ಪಾಪವನ್ನು ಅಳೆಯುವುದನ್ನು ಯೇಸು ಒಪ್ಪಲಿಲ್ಲ. ನೀತಿವಂತನಾಗಿದ್ದೂ ನರಳಿದ ಯೋಬನಿಗೆ ಹಾಗೆ ಲೆಕ್ಕ ಹಾಕಿದ ಸ್ನೇಹಿತರ ಮೇಲೆ ದೇವರು ಕೋಪಗೊಂಡನು (ಯೋಬ 42:7).

ದುಃಖದ ಮನೆಯಲ್ಲಿ ‘ಪ್ರಲಾಪಗಳು’ 3ನೇ ಅಧ್ಯಾಯ ಓದುವ ಸಭಾಪಾಲಕರಲ್ಲಿ ನಮ್ಮ ವಿನಂತಿ ಇಷ್ಟೆ. ‘ಕರುಣೆ ಪ್ರತಿ ಮುಂಜಾನೆ ಹೊಸದು’ ಎಂಬ 22–23ಕ್ಕೆ ನೇರ ಹಾರಬೇಡಿ. ಮೊದಲ 20 ವಚನಗಳನ್ನು ವ್ಯಾಖ್ಯಾನವಿಲ್ಲದೆ ನಿಧಾನವಾಗಿ ಓದಿ, ಅಲ್ಲಿಂದ 66ರವರೆಗೂ ಸಾಗಿ. ಪರೀಕ್ಷಿಸಿಕೊಳ್ಳೋಣ ಎಂಬ 40ನೇ ವಚನವನ್ನು ಸಭೆಯ ಸಾಮೂಹಿಕ ಪಾಪನಿವೇದನೆಗೆ ಮೀಸಲಿಡಿ. ಅಲ್ಲಿ ಬೋಧಕರೂ ಆ ‘ನಮ್ಮ’ದೊಳಗೆ ಸೇರುತ್ತಾರೆ.

– ಬೈಬಲ್ ಅಧ್ಯಯನದಲ್ಲಿ ತೊಡಗಿರುವ ಓದುಗರು