ಸಾವಿರಕ್ಕೆ ಐದು ಪುಸ್ತಕ ಹೋದರೆ ಹೋಗಲಿ

ಮಾನ್ಯರೇ,

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ 29 ವರ್ಷ ಗ್ರಂಥಪಾಲಕನಾಗಿದ್ದೆ. ನಿವೃತ್ತಿಯ ತಿಂಗಳು ಸ್ಟಾಕ್ ವೆರಿಫಿಕೇಶನ್ ಮಾಡಿದಾಗ 61 ಪುಸ್ತಕ ಕಮ್ಮಿ ಬಂದವು. ಅಷ್ಟರ ಹಣ ಕಟ್ಟಿದ ಮೇಲೆಯೇ ಪಿಂಚಣಿ ಕಡತ ಮುಂದೆ ಹೋಯಿತು. ದೂರು ಅದರ ಮೇಲಲ್ಲ. ಹಾಗಾದೀತು ಎಂಬ ಹೆದರಿಕೆಯಲ್ಲಿ ಅಷ್ಟೂ ವರ್ಷ ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕು.

ಬೀರುಗಳಿಗೆ ಬೀಗ ಹಾಕಿದೆ. ಹುಡುಗರು ಗಾಜಿನಾಚೆ ನಿಂತು ಹೆಸರು ಓದಿ ಚೀಟಿ ಬರೆದುಕೊಡಬೇಕು. ಅಟೆಂಡರ್ ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಮುಂದಿನ ಪೀರಿಯಡ್ ಬೆಲ್! ಬೆಲೆ ಜಾಸ್ತಿ ಇದ್ದವಕ್ಕೆಲ್ಲ 'ರೆಫರೆನ್ಸ್' ಅಂತ ಸೀಲ್ ಹೊಡೆದು ಒಳಗಿಟ್ಟೆ. ಸಸ್ಯಶಾಸ್ತ್ರದ ಒಂದು ದಪ್ಪ ಪುಸ್ತಕ ನಾನು ಬಿಡುವ ದಿನವೂ ಹೊಸದರ ವಾಸನೆ ಬರುತ್ತಿತ್ತು. ಹುಡುಗರು ಜೆರಾಕ್ಸ್ ಅಂಗಡಿಯ ನೋಟ್ಸ್ ಓದಿಯೇ ಪಾಸಾದರು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ಅದೇ ಬೀರುಗಳನ್ನು ತೋರಿಸಿ ಶಭಾಷ್ ಎನಿಸಿಕೊಂಡೆವು.

ನಮ್ಮ ದೇಶದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಗ್ರಂಥಾಲಯಗಳಿಗಾಗಿ 1931ರಲ್ಲೇ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದು 'ಪುಸ್ತಕ ಇರುವುದು ಬಳಕೆಗೆ' ಎಂದು. ಪ್ರತಿ ಆಗಸ್ಟ್ 12ಕ್ಕೆ ಅವರ ಫೋಟೋಗೆ ಹಾರ ಹಾಕುತ್ತಿದ್ದವನೂ ನಾನೇ. ಹಾರ ಹಾಕಿ ಬಂದು ಬೀಗ ಎಳೆದು ನೋಡುತ್ತಿದ್ದೆ.

ಈಗೆಲ್ಲ ಮೊಬೈಲಲ್ಲೇ ಸಿಗುತ್ತದಲ್ಲ, ಬೀರು ಯಾಕೆ ಅನ್ನುವವರಿದ್ದಾರೆ. ಕಾಲೇಜುಗಳಿಗೆ ಆನ್‌ಲೈನಿನಲ್ಲಿ ಪುಸ್ತಕ ಒದಗಿಸುವ ಎನ್-ಲಿಸ್ಟ್ ಯೋಜನೆಯಲ್ಲಿ ಲಕ್ಷಕ್ಕೂ ಮೀರಿ ಇ-ಪುಸ್ತಕಗಳಿವೆ, ನಿಜ. ಬಹುಪಾಲು ಇಂಗ್ಲಿಷಿನವು. ಕನ್ನಡ ಮಾಧ್ಯಮದ ಬಿ.ಎ. ಹುಡುಗಿಗೆ ಬೇಕಾದದ್ದು ಇನ್ನೂ ಬೀರುವಿನಲ್ಲೇ ಇದೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ವರ್ಷದಲ್ಲಿ ಓದುಗರು ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಎನ್ನುತ್ತದೆ ಅದು. ಮೋಸವೋ ಬೇಜವಾಬ್ದಾರಿಯೋ ಇರಬಾರದು. ಗಮನಿಸಿ, ಲೆಕ್ಕ ಬೀರುವಿನಲ್ಲಿರುವ ಪುಸ್ತಕದ ಮೇಲಲ್ಲ, ಬಳಕೆಯಾದ ಪುಸ್ತಕದ ಮೇಲೆ. ಜಾಸ್ತಿ ಕೊಟ್ಟವನಿಗೆ ಜಾಸ್ತಿ ರಿಯಾಯಿತಿ. ಬೀಗ ಹಾಕಿ ಕೂತವನಿಗೆ ಸೊನ್ನೆ!

ನಮ್ಮ ಉನ್ನತ ಶಿಕ್ಷಣ ಇಲಾಖೆ ಇದೇ ಲೆಕ್ಕವನ್ನು ಸ್ಪಷ್ಟ ಆದೇಶವಾಗಿ ಪ್ರತಿ ಪದವಿ ಕಾಲೇಜಿಗೂ ಕಳಿಸಲಿ. ಪ್ರಾಂಶುಪಾಲರ ಕೋಣೆಗೆ ಮಾತ್ರ ಅಲ್ಲ, ಗ್ರಂಥಪಾಲಕರ ಕೈಗೂ ಒಂದು ಪ್ರತಿ ಸಿಗಲಿ. ನಾನು ಕಟ್ಟಿದ ಹಣ ವಾಪಸ್ ಕೇಳುತ್ತಿಲ್ಲ. ಆ ಬೀಗದ ಕೈ ಗೊಂಚಲು ಈಗ ನನ್ನ ನಂತರ ಬಂದವರ ಸೊಂಟದಲ್ಲಿದೆ. ಅವರ ಸರ್ವೀಸ್ ಇನ್ನೂ 22 ವರ್ಷ ಇದೆ.

– ನಿವೃತ್ತ ಗ್ರಂಥಪಾಲಕ, ತಿಪಟೂರು