ಲಾಡಿ, ಪಿನ್ನು, ಕ್ಲೋರೋಪ್ಲಾಸ್ಟು: ವಿಜ್ಞಾನ ಬರೆಯುವ ತಂಗಿಗೆ ಒಂದು ಪತ್ರ

ಪ್ರೀತಿಯ ತಂಗಿ,

ಎಲೆಯ ಕೋಶದೊಳಗಿನ ಹಸಿರು ಕಣ ಕ್ಲೋರೋಪ್ಲಾಸ್ಟ್, ಅದರೊಳಗೆ ಹೊರಗಿನ ಪ್ರೋಟೀನು ಹೇಗೆ ಹೋಗುತ್ತದೆ ಎಂಬ ನಿನ್ನ ಲೇಖನ ಬಂದು ಹದಿನೈದು ದಿನವಾಯಿತು. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ನಿಜ ಹೇಳಲಾ? ಮೊದಲ ಸಲ ಓದಿದಾಗ ಎರಡನೇ ಪ್ಯಾರಾಕ್ಕೇ ನಿದ್ದೆ ಬಂತು. ಮಾರನೇ ದಿನ ಪೆನ್ಸಿಲ್ ಹಿಡಿದು ಕೂತೆ. ಆಗ ಗೊತ್ತಾಯಿತು, ವಿಷಯವನ್ನು ಚೆನ್ನಾಗಿ ಓದಿಕೊಂಡಿದ್ದೀಯ. ದೊಡ್ಡ ತಪ್ಪು ಒಂದೂ ಇಲ್ಲ.

ಹಾಗಾದರೆ ನಿದ್ದೆ ಯಾಕೆ ಬಂತು? ನಿನ್ನದೇ ಈ ವಾಕ್ಯ ನೋಡು: ‘ಕೋಶದ್ರವ್ಯದಲ್ಲಿ ಸಂಶ್ಲೇಷಿಸಲ್ಪಟ್ಟ ಪ್ರೋಟೀನುಗಳ ಸ್ಥಳಾಂತರಣ ಪ್ರಕ್ರಿಯೆಯು ಹರಿದ್ರೇಣುವಿನ ದ್ವಿಪೊರೆಯ ಮೂಲಕ ನಿರ್ವಹಿಸಲ್ಪಡುತ್ತದೆ.’ ಇದರಲ್ಲಿ ಯಾರೂ ಏನೂ ಮಾಡುತ್ತಿಲ್ಲ. ಎಲ್ಲವೂ ‘ಲ್ಪಡುತ್ತಿದೆ’. ಮನೆಯಲ್ಲಿ ಯಾರಾದರೂ ‘ಅನ್ನ ಬೇಯಿಸಲ್ಪಟ್ಟಿದೆ, ಊಟಕ್ಕೆ ಬನ್ನಿ’ ಅಂತಾರಾ?

ಹರಿದ್ರೇಣು ತೆಗೆದು ಕ್ಲೋರೋಪ್ಲಾಸ್ಟ್ ಅಂತಲೇ ಬರಿ. ಪತ್ರಹರಿತ್ತು ಇರಲಿ, ಅದು ಪಾಠದ ಪುಸ್ತಕದಿಂದ ಬಂದು ಬಾಯಲ್ಲಿ ಕೂತಿದೆ. ಹೆಸರುಗಳ ವಿಷಯದಲ್ಲಿ ನನಗೆ ಮಡಿ ಇಲ್ಲ, ಎಲ್ಲಿಂದಲಾದರೂ ಬರಲಿ. ಕ್ರಿಯಾಪದ ಮಾತ್ರ ನಮ್ಮ ಮನೆಯದಾಗಿರಬೇಕು. ಬಿಚ್ಚು, ತೂರಿಸು, ಎಳೆ, ಕತ್ತರಿಸು, ಮಡಿಸು. ನಿನ್ನ ಇಡೀ ಲೇಖನಕ್ಕೆ ಈ ಐದು ಸಾಕು.

ಆ ಕಡೆ ಹೋಗುವ ಮೊದಲು ಇನ್ನೊಂದು ಮಾತು. ಎಲೆಯೊಳಗೆ ಕೋಶ, ಕೋಶದೊಳಗೆ ಕ್ಲೋರೋಪ್ಲಾಸ್ಟ್. ಎಲ್ಲ ಒಂದೇ ಮನೆ, ಸಾಗಾಟ ಯಾಕೆ ಬೇಕು? ಓದುಗರು ಕೇಳುವ ಮೊದಲ ಪ್ರಶ್ನೆ ಇದೇ. ನೀನು ಏಳನೇ ಪ್ಯಾರಾದಲ್ಲಿ ಉತ್ತರ ಕೊಟ್ಟಿದ್ದೀಯ. ಅಷ್ಟು ಹೊತ್ತಿಗೆ ಅವರು ಎದ್ದು ಕಾಫಿಗೆ ಹೋಗಿರುತ್ತಾರೆ.

ಈ ಜಾಗದಲ್ಲಿ ನಾನೂ ಎಡವಿದ್ದೇನೆ. ಬರೆಯಲು ಶುರು ಮಾಡಿದ ಹೊಸದರಲ್ಲಿ ಒಂದು ವಾರಪತ್ರಿಕೆಗೆ ‘ಕ್ಲೋರೋಪ್ಲಾಸ್ಟಿಗೆ ತನ್ನದೇ ಡಿಎನ್‌ಎ ಇದೆ, ಹಾಗಾಗಿ ಬೇಕಾದ ಪ್ರೋಟೀನನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ’ ಅಂತ ಬರೆದುಬಿಟ್ಟೆ. ಮುಳುಗಿಸಿದ್ದು ಆ ‘ಹಾಗಾಗಿ’. ಹೈಸ್ಕೂಲು ಮೇಷ್ಟ್ರೊಬ್ಬರು ಕಾರ್ಡು ಹಾಕಿದರು: ‘ಡಿಎನ್‌ಎ ಇದೆ ಸರಿ, ಎಷ್ಟಿದೆ ಅಂತ ನೋಡಿದಿರಾ ಅಮ್ಮಾ?’ ನೋಡಿರಲಿಲ್ಲ. ಗಿಡದ ಕ್ಲೋರೋಪ್ಲಾಸ್ಟಿನಲ್ಲಿ ಕೆಲಸ ಮಾಡುವ ಪ್ರೋಟೀನುಗಳು ಸುಮಾರು 3,000 ಬಗೆ. ಅದರ ಸ್ವಂತ ಡಿಎನ್‌ಎಯಲ್ಲಿ ಬರೆದಿಟ್ಟಿರುವುದು 100ಕ್ಕೂ ಕಡಿಮೆ. ಉಳಿದವೆಲ್ಲ ನ್ಯೂಕ್ಲಿಯಸ್ಸಿನ ವಶದಲ್ಲಿವೆ, ಕ್ಲೋರೋಪ್ಲಾಸ್ಟಿನ ಹೊರಗೆ ತಯಾರಾಗುತ್ತವೆ.

ಕಾರಣ ಹಳೆಯದು. ನೂರು ಕೋಟಿ ವರ್ಷಕ್ಕೂ ಹಿಂದೆ ಯಾವುದೋ ಕೋಶ ಒಂದು ಸಯನೋಬ್ಯಾಕ್ಟೀರಿಯಾವನ್ನು (ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ನುಂಗಿತು, ಅರಗಿಸಿಕೊಳ್ಳದೆ ಉಳಿಸಿಕೊಂಡಿತು. ಅದೇ ಮುಂದೆ ಕ್ಲೋರೋಪ್ಲಾಸ್ಟ್ ಆಯಿತು. ಅದರ ಜೀನುಗಳಲ್ಲಿ ಕೆಲವು ಅಳಿದವು, ಬಹಳಷ್ಟು ನ್ಯೂಕ್ಲಿಯಸ್ಸಿಗೆ ಹೋಗಿ ಸೇರಿದವು. ಉಳುಮೆ ಇಲ್ಲಿ, ಪಹಣಿ ಇನ್ನೊಬ್ಬರ ಪೆಟ್ಟಿಗೆಯಲ್ಲಿ.

ಉದಾಹರಣೆಗೆ ಅಂತ ಹದಿಮೂರು ಪ್ರೋಟೀನುಗಳ ಹೆಸರು ಕೊಟ್ಟಿದ್ದೀಯ. ರುಬಿಸ್ಕೊ ಒಂದೇ ಸಾಕು. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವ ಅದು. ಗಿಡಗಳಲ್ಲಿ ಅದಕ್ಕೆ 16 ತುಂಡು: 8 ದೊಡ್ಡವು, 8 ಚಿಕ್ಕವು. ದೊಡ್ಡವು ಕ್ಲೋರೋಪ್ಲಾಸ್ಟಿನ ಒಳಗೇ ತಯಾರಾಗುತ್ತವೆ. ಚಿಕ್ಕವು ಹೊರಗಿನಿಂದ ಬರಬೇಕು. ಎರಡೂ ಸೇರಿದರೇನೇ ಕೆಲಸ. ಅದೂ ಬಹಳ ಸೋಮಾರಿ ಕಿಣ್ವ, ಹಾಗಾಗಿ ಎಲೆ ಅದನ್ನು ರಾಶಿ ರಾಶಿ ಮಾಡಿಟ್ಟುಕೊಳ್ಳುತ್ತದೆ. ಎಂದರೆ ಎಳೆಯ ಎಲೆಯಲ್ಲಿ ಆ ಚಿಕ್ಕ ತುಂಡುಗಳ ಮೆರವಣಿಗೆ ನಿಲ್ಲುವ ಹಾಗೇ ಇಲ್ಲ.

ವಿಜ್ಞಾನಿಗಳು ಗುಟ್ಟು ಹಿಡಿದದ್ದೂ ಈ ಚಿಕ್ಕ ತುಂಡಿನಿಂದಲೇ. 1977ರಲ್ಲಿ ಡಾಬರ್‌ಸ್ಟೈನ್, ಬ್ಲೋಬೆಲ್, ಚುವಾ ಮೂವರು ಕ್ಲಾಮಿಡೊಮೊನಸ್ ಎಂಬ ಹಸಿರು ಪಾಚಿಯ ಆರ್‌ಎನ್‌ಎ ತೆಗೆದು ಆ ಚಿಕ್ಕ ತುಂಡನ್ನು ಟೆಸ್ಟ್ ಟ್ಯೂಬಿನಲ್ಲಿ ಮಾಡಿಸಿದರು. ಬಂದದ್ದು ಪಾಚಿಯಲ್ಲಿ ಸಿಗುವುದಕ್ಕಿಂತ ಉದ್ದ! ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ ಚುವಾ ಮತ್ತು ಶ್ಮಿಟ್, ಇಂಗ್ಲೆಂಡಿನ ವಾರ್ವಿಕ್‌ನಲ್ಲಿ ಹೈಫೀಲ್ಡ್ ಮತ್ತು ಎಲ್ಲಿಸ್, ಬಟಾಣಿ ಎಲೆಯಿಂದ ಬೇರ್ಪಡಿಸಿದ ಕ್ಲೋರೋಪ್ಲಾಸ್ಟುಗಳ ಜೊತೆ ಇಂಥ ಉದ್ದದ ಪ್ರೋಟೀನನ್ನು ಬೆರೆಸಿ ನೋಡಿದರು. ಅದು ಒಳಗೆ ಹೋಯಿತು. ಒಳಗೆ ಸಿಕ್ಕಾಗ ಸರಿಯಾದ ಅಳತೆಗೆ ಇಳಿದಿತ್ತು. ಪ್ರೋಟೀನು ಪೂರ್ತಿ ತಯಾರಾದ ಮೇಲೂ ಒಳಗೆ ಹೋಗಬಲ್ಲದು, ಹೋಗುವಾಗ ಅದರ ಒಂದು ತುಂಡು ಕಳಚಿ ಬೀಳುತ್ತದೆ ಅಂತ ತಿಳಿದದ್ದು ಹೀಗೆ. ಪ್ರೋಟೀನುಗಳ ಮೈಯಲ್ಲೇ ವಿಳಾಸ ಇರುತ್ತದೆ ಎಂದು ತೋರಿಸಿದ್ದಕ್ಕೆ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು. ನೀನು ಇಷ್ಟನ್ನೂ ‘1978ರಲ್ಲಿ ಇದು ಸಾಬೀತಾಯಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ! ಬಟಾಣಿ ಎಲೆ ಎಲ್ಲಿ ಹೋಯಿತು?

ಈಗ ಸಾಗಾಟ. ನೀನು ಕೋಟೆ, ಕಾವಲುಗಾರ, ಗುರುತಿನ ಚೀಟಿ ಅಂತ ಬರೆದಿದ್ದೀಯ. ಎಲ್ಲರೂ ಹಾಗೇ ಬರೆಯುತ್ತಾರೆ. ಅದನ್ನು ಬಿಡು, ಮನೆಯ ಹೋಲಿಕೆ ಒಂದಿದೆ. ಲಂಗಕ್ಕೆ ಲಾಡಿ ಏರಿಸಿದ್ದೀಯ ತಾನೇ? ಉಂಡೆ ಸುತ್ತಿದ ಲಾಡಿ ಪಟ್ಟಿಯೊಳಗೆ ಹೋಗುವುದಿಲ್ಲ. ಬಿಚ್ಚಬೇಕು. ತುದಿಗೆ ಪಿನ್ನು ಚುಚ್ಚಿ ತೂರಿಸಬೇಕು. ಆ ಕಡೆಯಿಂದ ಎಳೆಯಬೇಕು. ಆಮೇಲೆ ಪಿನ್ನು ತೆಗೆಯಬೇಕು.

ಪ್ರೋಟೀನೂ ಹೆಚ್ಚಾಗಿ ಹೀಗೇ, ಬಿಚ್ಚಿದ ಎಳೆಯಾಗಿ ಹೋಗುತ್ತದೆ. ಒಳಗೆ ಹೋಗುವಾಗ ಕಳಚುತ್ತದೆ ಅಂದೆನಲ್ಲ, ಮುಂತುದಿಯ ಆ ತುಂಡೇ ಪಿನ್ನು. ಅದರ ಹೆಸರು ಟ್ರಾನ್ಸಿಟ್ ಪೆಪ್ಟೈಡ್. ದಾಟಬೇಕಾದ ಪೊರೆ ಎರಡು. ಹೊರಪೊರೆಯ ಯಂತ್ರದ ಹೆಸರು ಟಾಕ್, ಒಳಪೊರೆಯದು ಟಿಕ್. (ಗಡಿಯಾರದ ಸದ್ದಿನ ಹಾಗಿದೆ, ಮಕ್ಕಳು ಮರೆಯಲ್ಲ.) ಟಾಕ್159, ಟಾಕ್34 ಪಿನ್ನನ್ನು ಗುರುತು ಹಿಡಿಯುತ್ತವೆ. ಟಾಕ್75 ಪೀಪಾಯಿ ಆಕಾರದ ದಾರಿ. ಹೆಸರಿನ ಮುಂದಿನ ಅಂಕಿ ಬರೀ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ. ಟಿಕ್ ದಾಟುವಾಗ ಒಳಗಿನಿಂದ ಹೆಚ್‌ಎಸ್‌ಪಿ ಜಾತಿಯ ಪ್ರೋಟೀನುಗಳು ಎಟಿಪಿ (ಕೋಶದ ಶಕ್ತಿಯ ಚಿಲ್ಲರೆ ಕಾಸು) ಖರ್ಚು ಮಾಡಿ ಎಳೆಯುತ್ತವೆ. ಒಳಗೆ ಬಂತೋ ಇಲ್ಲವೋ, ಕಿಣ್ವವೊಂದು ಪಿನ್ನನ್ನು ಕತ್ತರಿಸುತ್ತದೆ. ಉಳಿದ ಎಳೆ ತನ್ನ ಆಕಾರಕ್ಕೆ ಮಡಿಸಿಕೊಳ್ಳುತ್ತದೆ, ಅದಕ್ಕೂ ಸಹಾಯಕರಿದ್ದಾರೆ. ಐದು ಕ್ರಿಯಾಪದ ಮುಗಿಯಿತು ನೋಡು.

ಟಾಕ್75ರ ಬಗ್ಗೆ ಒಂದು ಸಾಲು ಜಾಸ್ತಿ ಬರೆದರೂ ನಷ್ಟವಿಲ್ಲ. ಅದರ ನೆಂಟರು ಇವತ್ತಿಗೂ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿದ್ದಾರೆ. ಅಂದರೆ ನುಂಗಿಸಿಕೊಂಡ ಅತಿಥಿ ಬರುವಾಗಲೇ ಬಾಗಿಲಿನ ಚೌಕಟ್ಟು ಹೊತ್ತು ತಂದಿತ್ತು!

ಹೋಲಿಕೆ ಸಿಕ್ಕಿತು ಅಂತ ಕುಣಿಯಬೇಡ. ಅದು ಎಲ್ಲಿ ಹರಿಯುತ್ತದೆ ಅಂತಲೂ ಓದುಗರಿಗೆ ಹೇಳು. ನಮ್ಮ ಪಿನ್ನು ಯಾವ ಲಂಗಕ್ಕಾದರೂ ಆದೀತು, ಟ್ರಾನ್ಸಿಟ್ ಪೆಪ್ಟೈಡು ಆಗದು, ಅದು ವಿಳಾಸವೂ ಹೌದು. ವಿಚಿತ್ರ ಅಂದರೆ ಒಂದರ ವಿಳಾಸ ಇನ್ನೊಂದರ ಹಾಗಿಲ್ಲ. 20 ಅಮೈನೋ ಆಮ್ಲದ್ದೂ ಇದೆ, 100 ದಾಟಿದ್ದೂ ಇದೆ, ಆ ಆಮ್ಲಗಳ ಸಾಲಿನಲ್ಲಿ ಹೊಂದಿಕೆ ಕಾಣದು. ಸೆರೀನ್ ಜಾಸ್ತಿ ಇರುತ್ತದೆ, ಋಣ ವಿದ್ಯುದಂಶ ಇರುವ ಅಮೈನೋ ಆಮ್ಲ ಬಹಳ ಕಮ್ಮಿ. ಅಷ್ಟರಲ್ಲೇ ಟಾಕ್ ಗುರುತು ಹಿಡಿಯಬೇಕು. ನಮ್ಮ ಪಿನ್ನು ಡಬ್ಬಿಗೆ ವಾಪಸ್ಸು ಹೋಗುತ್ತದೆ, ಅಲ್ಲಿಯ ಪಿನ್ನನ್ನು ಕಿಣ್ವಗಳು ಅರೆದು ಹಾಕುತ್ತವೆ. ಇನ್ನು ಎಳೆಯುವ ಕೈಯಂತೂ ದುಬಾರಿ: 2013ರ ಒಂದು ಅಳತೆಯ ಪ್ರಕಾರ ಒಂದು ಪ್ರೋಟೀನು ಒಳಗೆ ಹೋಗಲು ಸುಮಾರು 650 ಎಟಿಪಿಯಷ್ಟು ಖರ್ಚು.

ನೀನು ‘ಎಲ್ಲ ಪ್ರೋಟೀನುಗಳೂ ಇದೇ ದಾರಿಯಲ್ಲಿ’ ಎಂದಿರುವ ಕಡೆ ‘ಬಹುಪಾಲು’ ಹಾಕು. ಹೊರಪೊರೆಯಲ್ಲೇ ಕೂರುವ ಹಲವಕ್ಕೆ ಪಿನ್ನೇ ಇಲ್ಲ. ಕೆಲವು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಕೋಶದೊಳಗಿನ ಪೊರೆಗಳ ಜಾಲ) ಕಡೆಯಿಂದ ಸುತ್ತು ಹಾಕಿಕೊಂಡು ಬರುತ್ತವೆ. ಆ ಒಂದು ಪದ ಇದ್ದರೆ ನಿನಗೆ ಯಾವ ಮೇಷ್ಟ್ರ ಕಾರ್ಡೂ ಬರಲ್ಲ.

ಮೊದಲ ಸಾಲು ಯಾವುದು ಅಂತ ನೀನು ಕೇಳಿದ್ದೆ. ನಿನ್ನ ಲೇಖನದ ಕೊನೆಯಲ್ಲೇ ಬಿದ್ದಿದೆ. ಸಾಸಿವೆಯ ದೂರದ ನೆಂಟ ಅರಾಬಿಡಾಪ್ಸಿಸ್ ಗಿಡದಲ್ಲಿ ಟಾಕ್33 (ಟಾಕ್34ರ ಅಲ್ಲಿನ ರೂಪ) ಕೆಟ್ಟರೆ ಎಳೆ ಗಿಡ ಬಿಳಚಿಕೊಳ್ಳುತ್ತದೆ. ಟಾಕ್159 ಕೆಟ್ಟರೆ ಬೆಳ್ಳಗೇ ಹುಟ್ಟುತ್ತದೆ. ಬಿಸಿಲಿದೆ, ನೀರಿದೆ, ಗೊಬ್ಬರವೂ ಇದೆ, ಗಿಡ ಮಾತ್ರ ಬಿಳಿ. ಅಲ್ಲಿಂದ ಶುರು ಮಾಡು. ‘ಯಾಕೆ?’ ಅಂತ ಓದುಗರೇ ಕೇಳುತ್ತಾರೆ.

ಥೈಲಕಾಯ್ಡಿನ (ಕ್ಲೋರೋಪ್ಲಾಸ್ಟಿನೊಳಗಿನ ಪೊರೆಯ ಚೀಲ) ಭಾಗ ಪೂರ್ತಿ ತೆಗಿ. ಅದರೊಳಗೆ ಹೋಗಲು ಬೇರೆ ದಾರಿಗಳಿವೆ, ಹಲವಕ್ಕೆ ಎರಡನೇ ಪಿನ್ನೂ ಬೇಕು, ಅದು ಇನ್ನೊಂದು ಲೇಖನ. 2022, 2023ರಲ್ಲಿ ಬಂದ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳಲ್ಲಿ ಟಾಕ್ ಮತ್ತು ಟಿಕ್ ಎರಡೂ ಪೊರೆಗಳಿಗೆ ಅಡ್ಡಲಾಗಿ ಒಂದಕ್ಕೊಂದು ಕೂಡಿಕೊಂಡಿರುವುದು ಕಾಣುತ್ತದೆ. ಬರೆಯುವಾಗ ಆ ಚಿತ್ರ ಎದುರಿಗಿರಲಿ.

ತಿದ್ದಿದ ಮೇಲೆ ಅಮ್ಮನಿಗೆ ಜೋರಾಗಿ ಓದಿ ಹೇಳು. ಅವರು ಎಲ್ಲಿ ತಡೆದು ‘ಏನಂದೆ?’ ಅಂತ ಕೇಳುತ್ತಾರೋ ಅಲ್ಲಿ ಅಂಚಿನಲ್ಲಿ ಗುರುತು ಹಾಕಿ ನನಗೆ ಕಳಿಸು. ಪಿನ್ನಿನ ಮಾತು ಬಂದಾಗ ನಕ್ಕರಾ ಅಂತಲೂ ಬರಿ.

ಇಂತಿ ನಿನ್ನ,
ಅಕ್ಕ